ಛಾಪಿಲ್ಲದ ಚಟ್ನಿ

ಜರ್ಮನಿಯ ಮ್ಯಾನ್‌ಹೈಮಿನ ಮನೆಯ ಎರಡನೇ ಮಹಡಿಗೆ ತಾಯಿಯ ಸೂಟ್‌ಕೇಸು ಹೊತ್ತು ತಂದ ಸಿದ್ದಲಿಂಗೇಶ ಅದನ್ನು ನಡುಮನೆಯಲ್ಲಿ ಕುಕ್ಕಿ, ಸೊಂಟ ಹಿಡಿದುಕೊಂಡು ನಿಂತ.

"ಯವ್ವಾ, ಏನ್ ತುಂಬಕೊಂಡ ಬಂದಿ ಇದರಾಗ? ಊರಾನ ಗುಡ್ಡಾ ಏನರ ಕಿತ್ತಿ?"

"ತಗದ ನೋಡ," ಅಂದಳು ಬಸಲಿಂಗವ್ವ, ಕುರ್ಚಿಯಲ್ಲಿ ಕಾಲು ನೀವಿಕೊಳ್ಳುತ್ತ.

ತೆಗೆದರೆ ನಾಲ್ಕು ಇಳಕಲ್ಲ ಸೀರೆ, ಎರಡು ಡಬ್ಬಿ ಬ್ಯಾಡಗಿ ಖಾರದಪುಡಿ, ಮತ್ತು ಸೀರೆಗಳ ನಡುವೆ ಎಳೆಗೂಸಿನ ಹಾಗೆ ಸುತ್ತಿಟ್ಟ, ಚಟ್ನಿ ಕುಟ್ಟುವ ಕಬ್ಬಿಣದ ಖಲಬತ್ತ. ಮೊಮ್ಮಗಳು ಅಮೂಲ್ಯಾ ಅದನ್ನು ಎತ್ತಲು ಹೋಗಿ ಎತ್ತಲಾರದೆ, "ವಾವ್, ಓಮಾ, ಇದು ವೆಪನ್ನಾ?" ಅಂದಳು. ಹದಿಮೂರು ವರ್ಷದ ಹುಡುಗಿ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅಜ್ಜಿಯನ್ನು ಇಲ್ಲಿಯ ಮಕ್ಕಳ ಹಾಗೆ ಓಮಾ ಎಂದೇ ಕರೆಯುತ್ತಿದ್ದಳು. ಎಷ್ಟು ತಿದ್ದಿದರೂ ಅಷ್ಟೇ.

ಖಲಬತ್ತ ನೋಡಿದ ಸೊಸೆ ಪವಿಗೆ ಮಾತ್ರ ನಗು ಬರಲಿಲ್ಲ. ಕೆಳಗಿನ ಮನೆಯವರು ಏನಂತಾರೆ, ಮೇಲಿನ ಮನೆಯ ಫ್ರೌ ಕ್ಲೈನ್ ಏನಂತಾಳೆ ಅಂತ ಆಗಲೇ ಅವಳ ತಲೆ ಓಡುತ್ತಿತ್ತು. ವೀಸಾ ಮೂರು ತಿಂಗಳಿನದು. ಮೂರು ತಿಂಗಳು ಏನು ಮಹಾ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಕಳೆಯುತ್ತದೆ ಅಂದುಕೊಂಡಳು. ಕಣ್ಣು ಮುಚ್ಚಲಿಕ್ಕಾದರೂ ಅವಳಿಗೆ ಪುರುಸೊತ್ತು ಎಲ್ಲಿತ್ತು?

ಪವಿಯ ಒಂದು ಸಣ್ಣ ಆನ್‌ಲೈನ್ ಅಂಗಡಿ ಇತ್ತು, 'ಪವಿ ಸಂತೆ' ಅಂತ. ಬೇಳೆ, ಹಿಟ್ಟು, ಮಸಾಲೆ, ಉಪ್ಪಿನಕಾಯಿ, ಅಗರಬತ್ತಿ. ಮಾಲೆಲ್ಲ ನೆಲಮಾಳಿಗೆಯ ಕೆಲ್ಲರ್‌ನಲ್ಲಿ. ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಅಟ್ಟಿ, ಗಂಡನಿಗೆ ಡಬ್ಬಿ ಕಟ್ಟಿ, ಕೆಲ್ಲರಿಗೂ ಅಡುಗೆಮನೆಗೂ ಎಪ್ಪತ್ತು ಮೆಟ್ಟಿಲು ಹತ್ತಿಳಿದು ಪಾರ್ಸೆಲ್ ಕಟ್ಟುವುದು. ಮಧ್ಯಾಹ್ನ ಅದನ್ನು ಕೈಗಾಡಿಯಲ್ಲಿ ಎಳೆದುಕೊಂಡು ಹೋಗಿ ಅಂಚೆಗೆ ಕೊಟ್ಟುಬರುವುದು. ಸಂಜೆ ಹೊಸ ಮಾಲಿನ ಫೋಟೋ ತೆಗೆದು, ಒಂದೊಂದಕ್ಕೂ ಹೆಸರು, ತೂಕ, ವಿಭಾಗ, ಬ್ರ್ಯಾಂಡು ತುಂಬುವುದು. ಗಂಡ ಕಾರಿನ ಕಂಪನಿಯಲ್ಲಿ ಇಂಜಿನಿಯರ್. ವೆಬ್‌ಸೈಟಿನ ರಿಪೇರಿ ಅವನದು, ಅದೂ ಭಾನುವಾರ, ಅದೂ ನಾಲ್ಕು ಸಲ ಕೂಗಿದ ಮೇಲೆ.

ಬಸಲಿಂಗವ್ವ ಬಂದ ಮೂರನೇ ದಿನಕ್ಕೇ ಕೈಕಟ್ಟಿ ಕೂತು ಬೇಸತ್ತಳು.

"ನಿನ್ನ ಅಂಗಡ್ಯಾಗ ಶೇಂಗಾ ಚಟ್ನಿ ಐತೇನ?"

"ಐತ್ರಿ ಅತ್ತಿ, ಕಂಪನೀದು."

"ತಾ ಇಲ್ಲೆ."

ಪವಿ ತಂದುಕೊಟ್ಟಳು. ಅತ್ತೆ ಬೆರಳ ತುದಿಗೆ ಹಚ್ಚಿ ನೆಕ್ಕಿದಳು, ಮುಖ ಕಿವುಚಿದಳು. "ಇದನ್ನ ಮಂದಿ ತಿಂತಾರ? ಶೇಂಗಾ ಬಿಟ್ಟು ಬಾಕಿ ಎಲ್ಲಾ ಐತಿ ಇದರಾಗ. ನಾ ಕುಟ್ಟಿ ಕೊಡ್ತೀನಿ, ಇಡು."

"ನಿಮಗ್ಯಾಕ್ರಿ ಆ ತ್ರಾಸು?"

ಬಸಲಿಂಗವ್ವ ಕಿಟಕಿಯ ಕಡೆ ನೋಡುತ್ತ ಹೇಳಿದಳು. "ಊರಾಗ ದೊಡ್ಡ ಸೊಸಿ ಮಿಕ್ಸರ್ ತಂದಾಳ. ಪಾಕೀಟಿನ ಚಟ್ನೀನೂ ತರ್ತಾಳ. ಕುಟ್ಟಬ್ಯಾಡ್ರಿ ಅತ್ತಿ, ಸಪ್ಪಳಕ್ಕ ಹುಡುಗರು ಓದಂಗಿಲ್ಲ ಅಂತಾಳ. ನಲವತ್ತ ವರ್ಷ ಓಣಿ ತುಂಬ ನನ್ನ ಚಟ್ನೀನ ಬೇಕಾಗಿತ್ತವಾ. ಈಗ ನನ್ನ ಕೈ ಯಾರಿಗೂ ಬ್ಯಾಡಾಗೇತಿ."

ಪವಿ ಇರಲಿ ಅಂದಳು. ಚಟ್ನಿ ಮಾರಲಿಕ್ಕೆ ಬೇಕಾದ ಕಾಗದಪತ್ರ ಹೇಗೂ ಮೊದಲೇ ಮಾಡಿಸಿಟ್ಟಿದ್ದಳು.

ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ನಾಲ್ಕು ಮಡಿಕೆ ಟವೆಲ್ಲಿನ ಮೇಲೆ ಖಲಬತ್ತ ಇಟ್ಟು ಬಸಲಿಂಗವ್ವ ಕುಟ್ಟತೊಡಗಿದಳು. ಒಂದರಿಂದ ಮೂರು ಇಡೀ ಕಟ್ಟಡ ಸದ್ದು ಮಾಡಬಾರದ ಹೊತ್ತು, ಭಾನುವಾರವಂತೂ ದಿನವಿಡೀ ಸದ್ದೇ ಕೂಡದು. "ಭಾನುವಾರ ಕುಟ್ಟಿದ್ರ ಪೊಲೀಸ್ರು ಬರ್ತಾರ? ಏನ್ ಊರ ಇದು ನಿಂದು," ಎಂದು ಗೊಣಗಿದರೂ ಒಪ್ಪಿಕೊಂಡಳು. ಆದರೆ ಎರಡನೇ ವಾರವೇ ಮೆಟ್ಟಿಲ ಬಳಿ ಫ್ರೌ ಕ್ಲೈನಳ ಚೀಟಿ ಅಂಟಿತು: ಬೆಳ್ಳುಳ್ಳಿಯ ವಾಸನೆ ತನ್ನ ಮಲಗುವ ಕೋಣೆಯ ತನಕ ಬರುತ್ತಿದೆ, ದಯವಿಟ್ಟು ಗಮನಿಸಿ.

"ಅತ್ತಿ, ಬಳ್ಳೊಳ್ಳಿ ಅರ್ಧಾ ಮಾಡ್ರಿ."

"ಅರ್ಧಾ ಮಾಡಿದ್ರ ಅದು ಚಟ್ನಿ ಅಲ್ಲ, ಶೇಂಗಾ ಹಿಟ್ಟು."

"ನಾ ಇಲ್ಲೆ ಬಾಳೇವು ಮಾಡಬೇಕ್ರಿ. ನೀವು ಮೂರ ತಿಂಗಳಕ್ಕ ಹೋಗ್ತೀರಿ."

ಬಾಯಿಂದ ಬಿದ್ದ ಮೇಲೆ ಪವಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಬಸಲಿಂಗವ್ವ ಸುಲಿದಿಟ್ಟ ಬೆಳ್ಳುಳ್ಳಿಯಲ್ಲಿ ಅರ್ಧ ತೆಗೆದು ಬಟ್ಟಲಿಗೆ ಹಾಕಿದಳು.

ಇನ್ನು ಹೆಸರಿನ ರಗಳೆ. ಅಂದು ರಾತ್ರಿ ಊಟಕ್ಕೆ ಕೂತಾಗ ಪವಿ ಕೇಳಿದಳು. "ಅತ್ತಿ ಚಟ್ನಿಗೆ ಬ್ರ್ಯಾಂಡ್ ಏನಂತ ಹಾಕ್ಲಿ? ಬಸಲಿಂಗವ್ವ ಶೇಂಗಾ ಚಟ್ನಿ ಅಂತ ಬರೀಲೇನ್ರಿ?"

"ಬ್ರ್ಯಾಂಡ ಅಂದ್ರ?" ಅಂದಳು ಅತ್ತೆ.

"ಛಾಪ ಯವ್ವಾ, ಛಾಪ," ಅಂದ ಸಿದ್ದಲಿಂಗೇಶ. "ಹುಲಿ ಛಾಪ, ಆನಿ ಛಾಪ ಅಂತಾರಲ್ಲ, ಹಂಗ."

ಬಸಲಿಂಗವ್ವ ಕೈಯಲ್ಲಿನ ರೊಟ್ಟಿ ಕೆಳಗಿಟ್ಟಳು. "ಬ್ಯಾಡವಾ. ನನ್ನ ಹೆಸರಿನ್ಯಾಗ ಬಸವಣ್ಣ ಅದಾನ, ಲಿಂಗ ಐತಿ. ಚಟ್ನಿ ತಿಂದು ಪಾಕೀಟ ಹರದು ಎಲ್ಲಿ ಒಗೀತಾರ?"

"ಹಳದಿ ಚೀಲದಾಗ," ಅಂದಳು ಅಮೂಲ್ಯಾ. ಪ್ಲಾಸ್ಟಿಕ್ ಕಸದ ಚೀಲ ಅದು. ಮನೆಯಲ್ಲಿ ಅದನ್ನು ಹೊರಗಿಡುವ ಕೆಲಸ ಅವಳದೇ.

"ಕೇಳಿದ್ಯಾ? ದೇವರ ಹೆಸರ ಕಸದಾಗ ಹಾಕಿಸಿಕೊಳ್ಳಲೇನು?"

"ಹಂಗಾರ ಪವಿ ಸಂತೆ ಅಂತನ ಹಾಕು," ಅಂದ ಸಿದ್ದಲಿಂಗೇಶ, ಮೊಬೈಲಿನಿಂದ ತಲೆ ಎತ್ತದೆ.

"ಕುಟ್ಟಾಕಿ ನಾನು, ಹೆಸರು ಆಕೀದೇನ?"

ಅತ್ತ ದರಿ ಇತ್ತ ಪುಲಿ. ಪವಿಗೆ ನಿದ್ದೆ ಎಳೆಯುತ್ತಿತ್ತು, ತೊಳೆಯುವ ಪಾತ್ರೆ ಬೇರೆ ಕಾಯುತ್ತಿದ್ದವು. ಹಾಳಾಗಿ ಹೋಗಲಿ ಅಂತ ಆ ಒಂದು ಜಾಗ ಖಾಲಿ ಬಿಟ್ಟು ಚಟ್ನಿಯನ್ನು ಅಂಗಡಿಗೆ ಏರಿಸಿದಳು. ವಿಭಾಗ: ಚಟ್ನಿ-ಉಪ್ಪಿನಕಾಯಿ. ಬ್ರ್ಯಾಂಡ್: ಏನೂ ಇಲ್ಲ.

ಅಲ್ಲಿಂದ ಶುರುವಾಯಿತು ಕಾಯುವುದು. ಸಂಜೆಯ ಚಹಾ ಲೋಟ ಕೈಗೆ ಬಂದ ಕೂಡಲೆ ಬಸಲಿಂಗವ್ವ ಕೇಳುವಳು. "ಬಂತೇನವಾ?"

"ಇನ್ನೂ ಇಲ್ರಿ ಅತ್ತಿ."

"ನಾಳೆ ಬಂದೀತು."

ಮರುದಿನ ಮತ್ತದೇ. ಒಂದು ವಾರ, ಎರಡು ವಾರ. ಬೇರೆ ಮಾಲು ಹೋಗುತ್ತಿತ್ತು, ಆ ಮುಖ ಕಿವುಚಿಸಿದ ಕಂಪನಿ ಚಟ್ನಿಯೂ ಹೋಗುತ್ತಿತ್ತು. ಅತ್ತೆಯ ಚಟ್ನಿಯ ಒಂದು ಪಾಕೀಟೂ ಕದಲಲಿಲ್ಲ. ಬರಬರುತ್ತ ಬಸಲಿಂಗವ್ವನ ಪ್ರಶ್ನೆಯೇ ಸಣ್ಣದಾಯಿತು. ಮಾತಿಲ್ಲ, ಬರೀ ಹುಬ್ಬು ಏರಿಸುವುದು. ಊಟದಲ್ಲಿ ಒಂದು ರೊಟ್ಟಿ ಕಡಿಮೆಯಾಯಿತು. ಖಲಬತ್ತದ ಸದ್ದು ಹನ್ನೊಂದಕ್ಕೇ ನಿಲ್ಲತೊಡಗಿತು.

ಪವಿಗೆ ಪಾಪ ಅನಿಸಿತು. ಬರೀ ಕರುಣೆ ಅಂದರೆ ಸುಳ್ಳಾದೀತು, ದಿನಾ ಸಂಜೆ ಆ ಹುಬ್ಬಿಗೆ ಉತ್ತರ ಕೊಟ್ಟು ಕೊಟ್ಟು ಅವಳಿಗೆ ಸಾಕಾಗಿತ್ತು. ಒಂದು ಬುಧವಾರ ಚಹಾ ಕೊಡುತ್ತಲೇ ಅಂದುಬಿಟ್ಟಳು. "ಅತ್ತಿ, ಬಂತ್ರಿ! ಎರ್ಲಾಂಗೆನ್‌ನಾಗ ರಚನಾ ಅಂತ ಒಬ್ಬಾಕಿ. ನಾಕ ಪಾಕೀಟು."

ರಚನಾ ಪವಿಯ ಕಾಲೇಜಿನ ಗೆಳತಿ. ಎರ್ಲಾಂಗೆನ್‌ನಲ್ಲಿ ಇದ್ದದ್ದು ನಿಜ. ಚಟ್ನಿ ಕೇಳಿದ್ದು ಮಾತ್ರ ಹಸಿ ಸುಳ್ಳು.

"ನಾಕ? ಒಮ್ಮೆಲೆ ನಾಕ?" ಬಸಲಿಂಗವ್ವ ಚಹಾ ಅಲ್ಲೇ ಬಿಟ್ಟು ಎದ್ದಳು. ತಾನೇ ಪಾಕೀಟು ಒರೆಸಿದಳು, ತಾನೇ ಡಬ್ಬಿಯಲ್ಲಿ ಜೋಡಿಸಿದಳು. ಆಮೇಲೆ ಒಂದು ಚಿಕ್ಕ ಪ್ಲಾಸ್ಟಿಕ್ಕಿನಲ್ಲಿ ಎರಡು ಚಮಚ ಅಗಸಿ ಚಟ್ನಿ ಹಾಕಿ ಗಂಟು ಕಟ್ಟಿದಳು.

"ಇದೇನ್ರಿ?"

"ಕೊಸರು. ಮೊದಲನೇ ಗಿರಾಕಿ, ಬರೇ ತೂಕದ್ದು ಕೊಟ್ಟ ಕಳಿಸಿದ್ರ ನಾಲಿಗಿಗೆ ನೆನಪ ಉಳಿಯಂಗಿಲ್ಲ."

ಆ ಡಬ್ಬಿಯನ್ನು ಎಲ್ಲಿಗೆ ಅಂತ ಒಯ್ಯುವುದು? ಪವಿ ಕೆಲ್ಲರಿಗೆ ಇಳಿದು, ಅಲ್ಲಿ ಖಾಲಿ ಬಿದ್ದಿದ್ದ ಅತ್ತೆಯ ದೊಡ್ಡ ಸೂಟ್‌ಕೇಸಿನಲ್ಲಿಟ್ಟು ಜಿಪ್ ಎಳೆದಳು. ಸದ್ಯಕ್ಕೆ ಅಷ್ಟೇ, ಆಮೇಲೆ ಏನಾದರೂ ಮಾಡಿದರಾಯಿತು ಅಂದುಕೊಂಡಳು.

ಸುಳ್ಳಿಗೆ ಹಸಿವು ಜಾಸ್ತಿ. ಒಂದು ಹಾಕಿದರೆ ಇನ್ನೊಂದು ಕೇಳುತ್ತದೆ. ಬಸಲಿಂಗವ್ವ ಮತ್ತೆ ಹತ್ತರಿಂದ ಒಂದರವರೆಗೆ ಕುಟ್ಟತೊಡಗಿದಳು, ಮೂರು ರೊಟ್ಟಿ ಉಂಡಳು, ಊರಿಗೆ ಫೋನು ಹಚ್ಚಿ ದೊಡ್ಡ ಸೊಸೆಗೆ "ಇಲ್ಲೆ ಜರ್ಮನಿ ಮಂದಿಗೆ ನನ್ನ ಚಟ್ನೀನ ಬೇಕಂತ" ಅಂದಳು. ಇಷ್ಟೆಲ್ಲ ಆದ ಮೇಲೆ ನಿಲ್ಲಿಸುವುದು ಹೇಗೆ? ವಾಲ್ಡಾರ್ಫಿನ ಗಿರಿಧರ್ ಎರಡು ಕೇಳಿದ. ಹೈಡೆಲ್‌ಬರ್ಗಿನ ಗಗನಾ ಆರು ಕೇಳಿದಳು. ರಚನಾ ಮತ್ತೊಮ್ಮೆ ನಾಲ್ಕು ಕೇಳಿದಳು. ಸೂಟ್‌ಕೇಸು ತುಂಬುತ್ತ ಬಂತು.

"ವೀಸಾದ ಮ್ಯಾಲೆ ಬಂದ ಮುದುಕೀನ ದುಡಿಸಾಕತ್ತಿ ಅಂತಾರ ನೋಡ ಮಂದಿ," ಅಂದ ಸಿದ್ದಲಿಂಗೇಶ ಒಂದು ದಿನ.

"ಬಿಡಿಸ್ರಿ ಹಂಗಾರ. ನಿಮ್ಮ ಅವ್ವ, ನೀವ ಹೇಳ್ರಿ."

ಅವನು ಹೇಳಲಿಲ್ಲ. ಪವಿಯೂ ಗಂಡನಿಗೆ ಸೂಟ್‌ಕೇಸಿನ ವಿಷಯ ಹೇಳಲಿಲ್ಲ.

ಅವಳು ಮರೆತದ್ದು ಒಂದೇ. ಬಸಲಿಂಗವ್ವ ಎಲ್ಲಿಗೆ ಹೋಗುವುದಿದ್ದರೂ ಹತ್ತು ದಿನ ಮೊದಲೇ ಗಂಟು ಕಟ್ಟುವವಳು. ಮದುವೆಯಾದಾಗಿನಿಂದ ನೋಡಿದ್ದರೂ ಅದು ಪವಿಯ ತಲೆಗೆ ಬರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಪವಿ ತರಕಾರಿಗೆ ಹೋದಾಗ, ಅತ್ತೆ ಮೊಮ್ಮಗಳ ಜೊತೆ ಸೂಟ್‌ಕೇಸು ತರಲಿಕ್ಕೆ ಕೆಲ್ಲರಿಗೆ ಇಳಿದಳು.

ಪವಿ ವಾಪಸು ಬಂದು ಅನ್ನಕ್ಕಿಟ್ಟಳು, ಪಲ್ಯ ಮಾಡಿದಳು, ಎಲ್ಲರನ್ನೂ ಊಟಕ್ಕೆ ಕರೆದಳು. ಮೇಜಿನ ಮೇಲೆ ನಾಲ್ಕರ ಬದಲು ಐದು ತಟ್ಟೆ ಇದ್ದವು. ಐದನೇ ತಟ್ಟೆಯಲ್ಲಿ ನಾಲ್ಕು ಪಾಕೀಟು ಚಟ್ನಿ, ಪಕ್ಕದಲ್ಲಿ ಗಂಟು ಬಿಚ್ಚದ ಕೊಸರು.

"ಇದ್ಯಾರಿಗೆ?" ಅಂದ ಸಿದ್ದಲಿಂಗೇಶ.

"ರಚನಾ ಊಟಕ್ಕ ಬಂದಾಳಲ್ಲ," ಅಂದಳು ಬಸಲಿಂಗವ್ವ. "ಎರ್ಲಾಂಗೆನ್‌ದಿಂದ. ಗಿರಿಧರ, ಗಗನಾ, ಎಲ್ಲಾರೂ ಕೆಳಗ ನನ್ನ ಚೀಲದಾಗ ಕುಂತಾರ. ಕರೀರಿ, ಅನ್ನ ಆರತೈತಿ."

ಪವಿ ಸೌಟು ಕೆಳಗಿಟ್ಟಳು. "ಅತ್ತಿ, ನೀವು ಊಟ ಬಿಟ್ಟಿದ್ರಿ... ನಿಮ್ಮ ಮಾರಿ ನೋಡಾಕಾಗಲಿಲ್ಲ ನನಗ..."

"ಬ್ಯಾಡಾಗಿದ್ರ ಬ್ಯಾಡ ಅನ್ನಬೇಕಿತ್ತು. ದೊಡ್ಡ ಸೊಸಿ ಬಾಯಿಲೆ ಬ್ಯಾಡ ಅಂದ್ಲು, ನೀ ಹಿಂಗಂದಿ. ಆಕೀನ ಛಲೋ." ಬಸಲಿಂಗವ್ವ ಜೋರು ಮಾಡಲಿಲ್ಲ. ಮುಟ್ಟದ ತಟ್ಟೆ ಅಲ್ಲೇ ಬಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಯಾರೂ ಉಣ್ಣಲಿಲ್ಲ. ಅಮೂಲ್ಯಾ ತನ್ನ ಟ್ಯಾಬ್ಲೆಟ್ ತಂದು ಮೇಜಿನ ಮೂಲೆಯಲ್ಲಿ ಕೂತು ಅಂಗಡಿಯ ಪುಟ ತೆರೆದಳು. ಅಜ್ಜಿಯ ಚಟ್ನಿ ಯಾಕೆ ಯಾರಿಗೂ ಬೇಡವಾಯಿತು ಅಂತ ಆ ಹುಡುಗಿಗೂ ಸಂಕಟ ಇತ್ತು.

"ಮಮ್ಮಿ, ಓಮಾಸ್ ಚಟ್ನಿ ಇಲ್ಲಿ ಇಲ್ಲ."

"ಐತಿ ನೋಡ. ದಿನಾ ನೋಡ್ತೀನಿ ನಾನು."

"ನೈನ್, ಇಲ್ಲ. ನೀನು ಓನರ್ ಲಾಗಿನ್‌ದಾಗ ನೋಡ್ತಿ. ಐ ಆ್ಯಮ್ ಲುಕಿಂಗ್ ಆ್ಯಸ್ ಎ ಕಸ್ಟಮರ್. ಲುಕ್."

ಪವಿ ಬಗ್ಗಿ ನೋಡಿದಳು. ಎಡಗಡೆ ಎರಡು ಪಟ್ಟಿ, ಮೇಲೆ ವಿಭಾಗ, ಕೆಳಗೆ ಬ್ರ್ಯಾಂಡು. ಅಮೂಲ್ಯಾ ಚಟ್ನಿ-ಉಪ್ಪಿನಕಾಯಿ ಒತ್ತಿದಳು. ಕೆಳಗಿನ ಪಟ್ಟಿಯ ಹನ್ನೆರಡು ಬ್ರ್ಯಾಂಡಿನ ಮುಂದೆಯೂ ತಾನಾಗಿ ಟಿಕ್ ಬಿತ್ತು. ಬಲಗಡೆ ಆ ಹನ್ನೆರಡರ ಮಾಲು ಸಾಲಾಗಿ ಬಂದು ನಿಂತಿತು. ಅತ್ತೆಯ ಚಟ್ನಿ ಇಲ್ಲ. ಹುಡುಗಿ ಒಂದೊಂದೇ ಟಿಕ್ ತೆಗೆದಳು. ಹನ್ನೆರಡನೆಯದು ತೆಗೆದಾಗ, ಅಗೋ, ತಳದಲ್ಲಿ ಬಸಲಿಂಗವ್ವನ ಶೇಂಗಾ ಚಟ್ನಿ.

ಯಾವ ಗಿರಾಕಿ ಕೂತು ಹನ್ನೆರಡು ಟಿಕ್ ತೆಗೆಯುತ್ತಾನೆ?

"ಓಮಾಗೆ ಬಾಕ್ಸೇ ಇಲ್ಲ," ಅಂದಳು ಅಮೂಲ್ಯಾ. "ಬ್ರ್ಯಾಂಡ್ ಇಲ್ಲ ಅಂದ್ರ ಟಿಕ್ ಇಲ್ಲ. ಟಿಕ್ ಇಲ್ಲ ಅಂದ್ರ ಕಾಣಂಗಿಲ್ಲ. ನೋಬಡಿ ಸಾ ಇಟ್, ಮಮ್ಮಿ. ಯಾರೂ ನೋಡೇ ಇಲ್ಲ."

ಪವಿ ಗಂಡನ ಕಡೆ ತಿರುಗಿದಳು. ಸಿದ್ದಲಿಂಗೇಶನ ಮುಖ ಸಪ್ಪಗಾಗಿತ್ತು. ಬೇಸಿಗೆಯ ಮೊದಲು ಗಿರಾಕಿಗಳು ದೂರಿದ್ದರು: ಒಂದು ಕಂಪನಿಯ ಉಪ್ಪಿನಕಾಯಿ ಹುಡುಕಿದರೆ ಅದೇ ಕಂಪನಿಯ ಹಿಟ್ಟೂ ಅಗರಬತ್ತಿಯೂ ಬರುತ್ತವೆ ಅಂತ. ವಿಭಾಗವೂ ಹೊಂದಬೇಕು, ಬ್ರ್ಯಾಂಡೂ ಹೊಂದಬೇಕು, ಆಗ ಮಾತ್ರ ತೋರಿಸು ಅಂತ ಒಂದು ಭಾನುವಾರ ಅವನೇ ಮಾಡಿಟ್ಟಿದ್ದ.

"ನೀ ಬ್ರ್ಯಾಂಡ್ ಖಾಲಿ ಬಿಡಬಾರದಿತ್ತು," ಅಂದ.

"ಖಾಲಿ ಬಿಟ್ರ ಮಾಲ ಮಾಯ ಆಕ್ಕೈತಿ ಅಂತ ನೀವು ಹೇಳಬೇಕಿತ್ತು."

"ಹೆಸರು ಬ್ಯಾಡ ಅಂದಾಕಿ ಅವ್ವ."

"ಹಾಕ್ರಿ, ಈಗ ಅದನ್ನೂ ಆಕೀ ತಲಿ ಮ್ಯಾಲೆ ಹಾಕ್ರಿ! ಎರಡ ತಿಂಗಳ ಕುಟ್ಟ್ಯಾಳ ಮುದುಕಿ, ರಟ್ಟಿ ಬೀಳೂ ಹಂಗ!" ಪವಿಯ ದನಿ ಒಡೆಯಿತು. ಸೋತು ಹೋಗಿದ್ದಳು. ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಅವರಿಬ್ಬರೂ ಹೀಗೆ ಕಚ್ಚಾಡುತ್ತಿದ್ದಾಗಲೇ ಅಮೂಲ್ಯಾ ತಾಯಿಯ ಲ್ಯಾಪ್‌ಟಾಪಿನಲ್ಲಿ ಆ ಖಾಲಿ ಜಾಗ ತುಂಬಿಬಿಟ್ಟಳು. ಓಮಾ. ಅದರಲ್ಲಿ ಯಾವ ದೇವರೂ ಇಲ್ಲ, ಹರಿದು ಹಳದಿ ಚೀಲಕ್ಕೆ ಹಾಕಿದರೂ ದೋಷವಿಲ್ಲ. ಪಟ್ಟಿಯಲ್ಲಿ ಹದಿಮೂರನೇ ಟಿಕ್ ಬಿತ್ತು.

ಸೋಮವಾರ ಮೊದಲ ಆರ್ಡರ್ ಬಂತು, ಮಂಗಳವಾರ ಮೂರು. ಪವಿ ಓಡಿಹೋಗಿ ಅತ್ತೆಗೆ ಹೇಳಿದಳು. "ಅತ್ತಿ, ಬಂದಾವ್ರಿ! ಈ ಸಲ ಖರೇನ. ಅಂಗಡ್ಯಾಗ ನಿಮ್ಮ ಚಟ್ನಿ ಕಾಣ್ತಾನ ಇರಲಿಲ್ರಿ. ಛಾಪ ಇಲ್ಲಂತ ಮಷೀನು ಹೊರಗ ಇಟ್ಟಿತ್ತು..."

"ಹೌದಾ? ಛಲೋ ಆತು ಬಿಡು," ಅಂದಳು ಬಸಲಿಂಗವ್ವ, ಜ್ವರ ಬಂದ ಕೂಸನ್ನು ಸಮಾಧಾನ ಮಾಡುವ ದನಿಯಲ್ಲಿ.

ಪವಿ ಫೋನಿನಲ್ಲಿ ಹೆಸರು ತೋರಿಸಿದಳು.

"ಎಷ್ಟ ಮಂದಿ ಹೆಸರ ಹುಟ್ಟಿಸ್ತೀಯವಾ," ಅಂದಳು ಅತ್ತೆ. "ಸಾಕ ಮಾಡು, ನೀನೂ ದಣದಿ."

ಸಿದ್ದಲಿಂಗೇಶ ಹೇಳಿದ. ನಂಬಲಿಲ್ಲ. ಅಮೂಲ್ಯಾ ಟ್ಯಾಬ್ಲೆಟ್ ಹಿಡಿದು ಟಿಕ್ ಹಾಕಿ ತೆಗೆದು ತೋರಿಸಿದಳು. ಬಸಲಿಂಗವ್ವ ಮೊಮ್ಮಗಳ ಗಲ್ಲ ಹಿಂಡಿ, "ನೀನೂ ನಿಮ್ಮವ್ವನ ಕಡೇನ," ಅಂದಳು. ಸೂಟ್‌ಕೇಸಿನಲ್ಲಿದ್ದ ಪಾಕೀಟುಗಳನ್ನೇ ಪವಿ ಒಂದೊಂದಾಗಿ ಕಳಿಸತೊಡಗಿದಳು. ಕಟ್ಟುವಾಗ ಬಸಲಿಂಗವ್ವ ಅಲ್ಲೇ ಕೂತಿರುತ್ತಿದ್ದಳು, ಕೇಳಿದರೆ ದಾರವನ್ನೂ ಹಿಡಿಯುತ್ತಿದ್ದಳು. ಆದರೆ ಒಂದು ಡಬ್ಬಿಗೂ ಕೊಸರು ಹಾಕಲಿಲ್ಲ. ಖಲಬತ್ತವನ್ನು ತೊಳೆದು, ಒರೆಸಿ, ಮತ್ತೆ ಸೀರೆಯಲ್ಲಿ ಸುತ್ತಿಟ್ಟಳು. ಅದನ್ನು ನೋಡಿದಾಗಲೆಲ್ಲ ಪವಿಗೆ, ಎರಡು ಏಟು ಹಾಕಿದ್ದರೂ ಇದಕ್ಕಿಂತ ವಾಸಿಯಿತ್ತು ಅನಿಸುತ್ತಿತ್ತು.

ವಿಮಾನಕ್ಕೆ ಮೂರು ದಿನ ಉಳಿದಿತ್ತು. ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಕರೆಗಂಟೆಯ ಸದ್ದಾಯಿತು. ಮಾಲನ್ನು ಮನೆಗೇ ಬಂದು ಒಯ್ಯುತ್ತೇನೆ ಅಂದಿದ್ದ ಗಿರಾಕಿ. ಮೂವತ್ತರ ಆಸುಪಾಸಿನವನು, ತಲೆಗೆ ಸೈಕಲ್ಲಿನ ಹೆಲ್ಮೆಟ್, ಏರಿ ಬಂದು ಏದುಸಿರು ಬಿಡುತ್ತಿದ್ದ.

"ನಮಸ್ಕಾರ್ರಿ. ಅಡಿವೆಪ್ಪ ಅಂತ. ಓಮಾ ಛಾಪಿಂದು ಎರಡ ಶೇಂಗಾ ಚಟ್ನಿ ಹೇಳಿದ್ದೆ."

ಬಸಲಿಂಗವ್ವ ಸೋಫಾದಲ್ಲಿ ಕೂತಿದ್ದವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಸೊಸೆಯ ಕಡೆ ತಿರುಗಿದಳು. "ಇವನ್ನ ಎಲ್ಲಿಂದ ಹಿಡಕೊಂಡ ಬಂದಿ?"

ಪವಿಗೆ ಭೂಮಿ ಬಾಯಿಬಿಡಬಾರದೆ ಅನಿಸಿತು. ಲಗುಬಗೆಯಲ್ಲಿ ಪಾಕೀಟು ಕೊಟ್ಟಳು. ಅಡಿವೆಪ್ಪನಿಗೆ ಮನೆ ಮುಟ್ಟುವ ತನಕ ತಡೆಯಲಾಗಲಿಲ್ಲ. ಬಾಗಿಲಲ್ಲೇ ಪಾಕೀಟಿನ ಮೂಲೆ ಹರಿದು, ಅಂಗೈಗೆ ಸುರಿದುಕೊಂಡು ಬಾಯಿಗೆ ಎಸೆದುಕೊಂಡ. ಅಗಿದ. ಕಣ್ಣು ಮುಚ್ಚಿದ. ಆಮೇಲೆ ಹುಬ್ಬು ಗಂಟಿಕ್ಕಿದ.

"ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ಕುಟ್ಟಿದ್ದು ಭೇಷ್ ಐತಿ. ಆದ್ರ ಬಳ್ಳೊಳ್ಳಿ ಎಲ್ಲೈತ್ರಿ? ನಮ್ಮ ಗೋಕಾಕದಾಗ ಇಂಥಾದ್ದಕ್ಕ ಚಟ್ನಿ ಅನ್ನಂಗಿಲ್ಲ. ಛಾಪದ ಹೆಸರ ನೋಡಿ ಅಜ್ಜಿ ಕೈದು ಅಂತ ಸೈಕಲ್ ತುಳಕೊಂಡ ಬಂದೆ."

ಪವಿ ಹೆದರಿ ಅತ್ತೆಯ ಕಡೆ ನೋಡಿದಳು. ಬಸಲಿಂಗವ್ವ ಎದ್ದು ನಿಂತಿದ್ದಳು.

"ಏನಂದಿ? ಬಳ್ಳೊಳ್ಳಿ ಇಲ್ಲಾ? ನನಗ ಹೇಳತೀಯೇನೋ ತಮ್ಮಾ? ನಾ ಕುಟ್ಟಾಕ ಕುಂತಾಗ ನಿಮ್ಮವ್ವಗ ಹಲ್ಲ ಬಂದಿರಲಿಲ್ಲ! ಈಕಿ ಅರ್ಧಾ ಮಾಡು ಅಂದ್ಲು, ಮ್ಯಾಲಿನಾಕಿಗೆ ವಾಸನಿ ಬರತೈತಂತ. ನಾ ಆಗಳೇ ಹೇಳಿದ್ದೆ, ಇದು ಶೇಂಗಾ ಹಿಟ್ಟು ಅಂತ!"

"ಖರೆ ಐತ್ರಿ ಆಯಿ, ಹಿಟ್ಟ ಆಗೈತಿ," ಅಂದ ಅಡಿವೆಪ್ಪ, ಬಾಯಿ ತುಂಬ ಇನ್ನೊಂದು ಹಿಡಿ ಹಾಕಿಕೊಳ್ಳುತ್ತ.

"ನಿಂದರಲ್ಲೆ!" ಬಸಲಿಂಗವ್ವ ದಡದಡ ಅಡುಗೆಮನೆಗೆ ಹೋದಳು. ಡಬ್ಬಿ ತೆರೆದ ಸದ್ದಾಯಿತು, ಪ್ಲಾಸ್ಟಿಕ್ಕು ಸರಬರ ಅಂದಿತು. ಬಂದು ಅವನ ಕೈಯಲ್ಲಿ ಒಂದು ಚಿಕ್ಕ ಗಂಟು ಇಟ್ಟಳು. "ಅಗಸಿ ಚಟ್ನಿ. ಕೊಸರು. ನಾಳೆ ಐತವಾರ, ಈ ಊರಾಗ ಕುಟ್ಟಂಗಿಲ್ಲ. ಸೋಮವಾರ ಬಾ. ಬಳ್ಳೊಳ್ಳಿ ಅಂದ್ರೇನಂತ ತೋರಸ್ತೀನಿ."

ಅವನು ನಗುತ್ತ ಮೆಟ್ಟಿಲಿಳಿದು ಹೋದ. ಬಾಗಿಲು ಹಾಕಿ ಪವಿ ಅಲ್ಲೇ ನಿಂತಳು. ಹೇಳಲೋ ಬೇಡವೋ ಅಂತ ಒದ್ದಾಡಿ ಕೊನೆಗೆ ಅಂದಳು. "ಅತ್ತಿ, ಅಂವಾ ಖರೇನ ಗಿರಾಕಿ ರೀ. ನಾ ಕಳಿಸಿದಾಂವ ಅಲ್ಲ."

"ಗೊತ್ತೈತಿ," ಅಂದಳು ಬಸಲಿಂಗವ್ವ. ಆಗಲೇ ಸೂಟ್‌ಕೇಸಿನ ಮುಂದೆ ಕೂತು ಸೀರೆಯಿಂದ ಖಲಬತ್ತ ಬಿಚ್ಚುತ್ತಿದ್ದಳು. "ನೀ ಕಳಿಸಿದಾಂವ ಆಗಿದ್ರ ಹೊಗಳಿ ಹೋಗ್ತಿದ್ದ."

ಪವಿ ಬಾಗಿಲಿಗೊರಗಿ ಅತ್ತೆಯ ಮುಖವನ್ನೇ ನೋಡಿದಳು. ತೊಳೆಯುವ ಪಾತ್ರೆ ಕಾಯುತ್ತಿದ್ದವು, ಪಾರ್ಸೆಲ್ ಕಾಯುತ್ತಿದ್ದವು, ಕಾಲು ಸೋತಿದ್ದವು.

"ಮಾರಿ ಏನ ನೋಡ್ತಿ?" ಅಂದಳು ಅತ್ತೆ. "ಕುಂದ್ರು. ಬಳ್ಳೊಳ್ಳಿ ಸುಲಿ. ಈ ಸಲ ಅರ್ಧಾ ಅಲ್ಲ."

ಪವಿ ಬೆಳ್ಳುಳ್ಳಿಯ ಬುಟ್ಟಿ ಎಳೆದುಕೊಂಡು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು.